ಆಲೆಮನೆ ಲೆಕ್ಕ ಪೋಸ್ಟ್‌ಗ್ರೆಸ್‌ನಲ್ಲಿ: ಎರಡನೇ ಕಂತು

ಹೋದ ಸಲ ಬರೆದಾಗ ಪೋಸ್ಟ್‌ಗ್ರೆಸ್ (ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡೋ ಡೇಟಾಬೇಸ್ ಸಾಫ್ಟ್‌ವೇರ್) ಇನ್‌ಸ್ಟಾಲ್ ಆಗಿತ್ತು, ಟೇಬಲ್ ಒಂದೇ ಇತ್ತು. ಈಗ ನಾಲ್ಕಿವೆ: ರೈತರು, ಊರು, ಲೋಡು (ಬಂದ ಕಬ್ಬು), ಪಾವತಿ. ಮದ್ದೂರು ಕಡೆ ಇರುವ ಚಿಕ್ಕಪ್ಪನ ಆಲೆಮನೆಯ ಈ ವರ್ಷದ ಲೆಕ್ಕವೆಲ್ಲ ಅದರೊಳಗೆ ಬಂದು ಕೂತಿದೆ. ಬೇಕಾದ ಸಾಲು ಆರಿಸಿ, ಜೋಡಿಸಿ ತೋರಿಸೋ ಸೆಲೆಕ್ಟ್, ವೇರ್, ಆರ್ಡರ್ ಬೈ ಆದೇಶಗಳನ್ನು ಕಲಿಯೋದು ಅಂಥ ಕಷ್ಟ ಆಗಲಿಲ್ಲ. ಜಾಸ್ತಿ ಟೈಮ್ ತಿಂದಿದ್ದು, ಯಾವ ಸಂಗತಿ ಯಾವ ಟೇಬಲ್‌ಗೆ ಸೇರಬೇಕು ಅನ್ನೋ ತೀರ್ಮಾನ. ಅದನ್ನು ಯಾವ ಟ್ಯುಟೋರಿಯಲ್ಲೂ ಹೇಳಿಕೊಡಲ್ಲ, ಚಿಕ್ಕಪ್ಪನನ್ನೇ ಕೇಳಬೇಕು.

ಮೊದಲು ಹೆಸರಿನ ವಿಷಯ. ಮಂಡ್ಯ ಜಿಲ್ಲೆಯಲ್ಲಿ ಹೆಸರನ್ನೇ ಪ್ರೈಮರಿ ಕೀ (ಒಂದೊಂದು ಸಾಲನ್ನೂ ಬೇರೆಯಾಗಿ ಗುರುತಿಸೋ ಕಾಲಂ) ಮಾಡೋ ಧೈರ್ಯ ಯಾರಿಗಿದೆ? ಒಂದೇ ಊರಲ್ಲಿ ಸಿದ್ದೇಗೌಡರು ಮೂರು ಜನ ಸಿಗ್ತಾರೆ. ಚಿಕ್ಕಪ್ಪನ ನೋಟ್‌ಬುಕ್ಕಲ್ಲಿ 'ಕೆರೆ ಕೆಳಗಿನ ಸಿದ್ದೇಗೌಡ', 'ಮಿಲ್ ಸಿದ್ದೇಗೌಡ' ಅಂತ ಬರೆದಿದೆ. ಊರುಗಳ ಕಥೆಯೂ ಅಷ್ಟೇ, ಹೊಸಹಳ್ಳಿ ಎಲ್ಲಿಲ್ಲ ಹೇಳಿ? ಹಾಗಾಗಿ ರೈತರಿಗೂ ಊರಿಗೂ ನಂಬರ್ ಕೊಟ್ಟೆ, ಊರಿನ ಜೊತೆ ತಾಲ್ಲೂಕು ಸೇರಿಸಿದೆ. ಅಡ್ಡಹೆಸರಿಗೆ ಬೇರೆ ಕಾಲಂ. ಚಿಕ್ಕಪ್ಪ ಹುಡುಕಿಸೋದು ಅದರಲ್ಲೇ.

ಹೆಸರನ್ನು ಕನ್ನಡದಲ್ಲೇ ಇಟ್ಟಿದ್ದೀನಿ. ಇಲ್ಲೊಂದು ತಮಾಷೆ ಇದೆ. 'ಸಿದ್ದೇಗೌಡ' ಅಂದ್ರೆ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಪೋಸ್ಟ್‌ಗ್ರೆಸ್‌ನಲ್ಲಿ ಉದ್ದ ಎಣಿಸೋ ಲೆಂತ್ ಫಂಕ್ಷನ್ ಕೇಳಿದರೆ 9 ಅನ್ನುತ್ತೆ. ಗುಣಿತ, ಒತ್ತು ಎಲ್ಲವನ್ನೂ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡೋ ಪದ್ಧತಿ) ಬಿಡಿಬಿಡಿಯಾಗಿ ಇಡುತ್ತೆ, ಅದಕ್ಕೆ. ಅದನ್ನು ಕಂಪ್ಯೂಟರಲ್ಲಿ ಉಳಿಸೋ ಯುಟಿಎಫ್-8 ರೀತಿಯಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 27. ಹೆಸರಿಗೆ 20 ಅಕ್ಷರ ಸಾಕು ಅಂತ ವಾರ್‌ಚಾರ್ (ಉದ್ದಕ್ಕೆ ಮಿತಿ ಇರೋ ಕಾಲಂ ಬಗೆ) ಹಾಕಿದರೆ ಉದ್ದ ಹೆಸರಿನವರು ಒಳಗೇ ಬರಲ್ಲ. ಸುಮ್ನೆ ಅಂಥ ಮಿತಿ ಇಲ್ಲದ ಟೆಕ್ಸ್ಟ್ ಅಂತ ಹಾಕಿದೆ. ಟೇಬಲ್ ಹೆಸರನ್ನೂ ಕನ್ನಡದಲ್ಲಿ ಇಡಬಹುದು, ಅದಕ್ಕೆ ಮಿತಿ 63 ಬೈಟ್. ಕನ್ನಡಕ್ಕೆ 3ರಿಂದ ಭಾಗಿಸಿ ನೋಡಿ, 21 ಚಿಹ್ನೆ. ಅಲ್ಲಿಂದಾಚೆಗೆ ಕತ್ತರಿಸಿ ಹಾಕುತ್ತೆ.

ಇನ್ನೊಂದು ಇದಕ್ಕಿಂತ ಮೋಸದ್ದು. 'ದ್ದೇ' ಅಕ್ಷರದ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘದ ಗುರುತು ಅಂತ ಎರಡಾಗಿಯೂ ಬರೆಯಬಹುದು. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಾಣುತ್ತೆ, ಡೇಟಾಬೇಸ್‌ಗೆ ಮಾತ್ರ ಬೇರೆ ಬೇರೆ. ಪೋಸ್ಟ್‌ಗ್ರೆಸ್‌ನ 13ನೇ ವರ್ಷನ್‌ನಿಂದ, ಎರಡನ್ನೂ ಒಂದೇ ರೂಪಕ್ಕೆ ತರೋ ನಾರ್ಮಲೈಸ್ ಅನ್ನೋ ಫಂಕ್ಷನ್ ಇದೆ. ಹೆಸರು ಒಳಗೆ ಹೋಗುವ ಮುಂಚೆ ಅದರ ಮೂಲಕವೇ ಹಾಯಿಸ್ತೀನಿ.

ದರದ ಬಗ್ಗೆ ಚಿಕ್ಕಪ್ಪನ ಹತ್ರ ಅರ್ಧ ದಿನ ಮಾತಾಡಿದೆ. ಟನ್ನಿಗೆ ಎಷ್ಟು ಅನ್ನೋದು ರೈತರ ಟೇಬಲ್‌ನಲ್ಲಿ ಇರಬೇಕಾ, ಲೋಡಿನದರಲ್ಲಾ? ಬೆಲ್ಲದ ರೇಟು ಏರಿಳಿದ ಹಾಗೆ ಕಬ್ಬಿನ ದರವೂ ಬದಲಾಗುತ್ತೆ. ಅವತ್ತಿನ ದರ ಅವತ್ತಿನ ಲೋಡಿಗೆ. ಹಾಗಾಗಿ ಲೋಡಿನ ಜೊತೆಗೇ ಇಟ್ಟೆ. ತೂಕ ವೇಬ್ರಿಡ್ಜ್ ಚೀಟಿಯಲ್ಲಿ ಇರೋ ಹಾಗೆ ಕೆಜಿಯಲ್ಲಿ, ಇಂಟಿಜರ್ (ಪೂರ್ಣಾಂಕ). ದುಡ್ಡಿಗೆ ದಶಮಾಂಶವನ್ನು ಕರಾರುವಾಕ್ಕಾಗಿ ಇಡೋ ನ್ಯೂಮರಿಕ್. ದಶಮಾಂಶವನ್ನು ಅಂದಾಜಲ್ಲಿ ಇಡೋ ಫ್ಲೋಟ್ ಮಾತ್ರ ಬೇಡವೇ ಬೇಡ, ಅದರಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತೆ. ಬಾಕಿ ಅಂತ ಕಾಲಂ ಎಲ್ಲೂ ಇಲ್ಲ. ಲೋಡು ಮತ್ತು ಪಾವತಿಯಿಂದ ಲೆಕ್ಕ ಹಾಕಿ ತೋರಿಸೋ ವ್ಯೂ ಒಂದಿದೆ.

ಆ ವ್ಯೂ ಬರೆಯೋದರಲ್ಲೇ ಇರೋದು ಮಜಾ. ಟೇಬಲ್‌ಗಳನ್ನು ಜೋಡಿಸೋ ಜಾಯಿನ್‌ನಲ್ಲಿ ಸಾಲುಗಳು ಗುಣಾಕಾರ ಆಗ್ತವೆ ಅಂತ ಓದಿದ್ದೆ, ಎಷ್ಟರ ಮಟ್ಟಿಗೆ ಅಂತ ನೋಡೋಕೆ ಬೇಕಂತಲೇ ಆ ಥರ ಬರೆದೆ. ಒಬ್ಬ ರೈತರು ಮೂರು ಲೋಡ್ ಹಾಕಿದ್ದಾರೆ, ನಾಲ್ಕು ನಾಲ್ಕು ಟನ್ನಿನದು, ಒಟ್ಟು 12 ಟನ್. ಲೆಕ್ಕ ಸುಲಭ ಆಗಲಿ ಅಂತ ಟನ್ನಿಗೆ 3,000 ಇಟ್ಟುಕೊಳ್ಳಿ, 36,000 ರೂಪಾಯಿ. ಎರಡು ಸಲ ದುಡ್ಡು ತಗೊಂಡಿದ್ದಾರೆ, 10,000 ಮತ್ತು 15,000. ಬಾಕಿ 11,000, ಅಲ್ವಾ? ರೈತರು, ಲೋಡು, ಪಾವತಿ ಮೂರೂ ಟೇಬಲ್ ಒಂದೇ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳೋ ಪ್ರಶ್ನೆ) ಜಾಯಿನ್ ಮಾಡಿ ಸಮ್ ಹಾಕಿ. ಒಂದೊಂದು ಲೋಡೂ ಒಂದೊಂದು ಪಾವತಿಯ ಜೊತೆ ಜೋಡಿಯಾಗಿ ಆರು ಸಾಲು ಬರುತ್ತೆ. ಕಬ್ಬಿನ ದುಡ್ಡು ಎರಡು ಪಟ್ಟಾಗಿ 72,000. ಪಾವತಿ ಮೂರು ಪಟ್ಟಾಗಿ 75,000. ಕೊನೆಗೆ ರೈತರೇ ಆಲೆಮನೆಗೆ 3,000 ಕೊಡಬೇಕು ಅನ್ನುತ್ತೆ! ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಇಂಥ ಚೀಟಿ ಪ್ರಿಂಟ್ ಮಾಡಿ ಕೈಗೆ ಕೊಟ್ಟರೆ ಆಲೆಮನೆ ಮುಂದೆ ಪಂಚಾಯ್ತಿನೇ ಸೇರುತ್ತೆ.

ದಾರಿ ಇಷ್ಟೇ. ಲೋಡನ್ನು ರೈತರ ನಂಬರ್ ಮೇಲೆ ಗ್ರೂಪ್ ಬೈ ಮಾಡಿ (ಒಬ್ಬೊಬ್ಬರದನ್ನೂ ಒಟ್ಟುಗೂಡಿಸಿ) ಮೊದಲು ಮೊತ್ತ ತೆಗೀಬೇಕು, ಪಾವತಿಯದ್ದೂ ಹಾಗೇ ಬೇರೆ ತೆಗೀಬೇಕು, ಆಮೇಲೆ ಜಾಯಿನ್. ಆಗ ಒಬ್ಬರಿಗೆ ಒಂದೇ ಸಾಲು. ಅದೂ ರೈತರ ಟೇಬಲ್‌ನಿಂದ ಶುರುವಾಗಿ, ಜೋಡಿ ಸಿಗದವರನ್ನೂ ಉಳಿಸಿಕೊಳ್ಳೋ ಲೆಫ್ಟ್ ಜಾಯಿನ್ ಆಗಬೇಕು. ಬರೀ ಜಾಯಿನ್ ಹಾಕಿದರೆ, ಮುಂಗಡ ತಗೊಂಡು ಇನ್ನೂ ಒಂದು ಲೋಡೂ ಹಾಕದವರು ಪಟ್ಟಿಯಿಂದಲೇ ಮಾಯ. ಚಿಕ್ಕಪ್ಪನಿಗೆ ಬೇಕಾಗಿರೋದೇ ಅವರು! ಲೋಡ್ ಇಲ್ಲದ ಕಡೆ ನಲ್ (ಖಾಲಿ ಅನ್ನೋ ಗುರುತು) ಬರುತ್ತೆ, ನಲ್‌ನಿಂದ ಏನು ಕಳೆದರೂ ನಲ್ಲೇ. ಕೋಯಲೆಸ್ ಹಾಕಿ ಅದನ್ನು ಸೊನ್ನೆ ಮಾಡಿದೆ. ಪಟ್ಟಿ ತೋರಿಸಿದಾಗ ಚಿಕ್ಕಪ್ಪ ಒಂದು ಹೆಸರಿನ ಮೇಲೆ ಬೆರಳಿಟ್ಟು, "ಇವ್ನ್ ಕಬ್ಬು ಫ್ಯಾಕ್ಟ್ರಿಗೆ ಹೋಯ್ತು ಕಣ್ಲಾ, ನನ್ ದುಡ್ಡು ಅವನತ್ರನೇ ಅದೆ" ಅಂದರು.

ಇದೇ ಪಟ್ಟಿ ನೋಟ್‌ಬುಕ್ಕಿಂದ ತೆಗೆಯೋಕೆ ಪುಟ ಪುಟ ತಿರುವಬೇಕಿತ್ತು, ಯಾವುದು ಎಲ್ಲಿದೆ ಅನ್ನೋದು ಅವರ ತಲೆಯಲ್ಲಿ ಮಾತ್ರ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್, ಮಾಹಿತಿಯನ್ನು ಟೇಬಲ್‌ಗಳಾಗಿ ನೋಡೋ ಈ ರಿಲೇಷನಲ್ ಮಾದರಿ ಮುಂದಿಟ್ಟಾಗ ಹೇಳಿದ್ದೂ ಅದನ್ನೇ: ಮಾಹಿತಿ ಒಳಗೆ ಹೇಗೆ ಜೋಡಿಸಿದೆ ಅನ್ನೋದು ಬಳಸುವವರಿಗೆ ಗೊತ್ತಿರಬೇಕಾದ ಅಗತ್ಯ ಇರಬಾರದು.

ಫಾರಿನ್ ಕೀ (ಪ್ರತಿ ಪಾವತಿಯೂ ರೈತರ ಟೇಬಲ್‌ನಲ್ಲಿರೋ ಒಂದು ನಂಬರಿಗೆ ಸೇರಲೇಬೇಕು ಅನ್ನೋ ಕಟ್ಟು) ಹಾಕಿದ ಮೇಲೆ ಹೊಸ ಪ್ರಶ್ನೆ ಎದ್ದಿತು. ಜಮೀನು ಅಪ್ಪನ ಹೆಸರಲ್ಲಿ, ದುಡ್ಡು ತಗೊಂಡು ಹೋಗೋದು ಮಗ. ಪಾವತಿ ಯಾರ ನಂಬರಿಗೆ? ನೋಟ್‌ಬುಕ್ ಈ ಪ್ರಶ್ನೆ ಕೇಳ್ತಾನೇ ಇರಲಿಲ್ಲ, ಅಪ್ಪನ ಪುಟದ ಅಂಚಲ್ಲಿ 'ಮಗನ ಕೈಲಿ' ಅಂತ ಬರೆದರೆ ಮುಗೀತು. ನಾನು ಖಾತೆ ಅಪ್ಪನದೇ ಇಟ್ಟು, 'ಪಡೆದವರು' ಅಂತ ಇನ್ನೊಂದು ಕಾಲಂ ಕೊಟ್ಟೆ.

ಬ್ಯಾಕಪ್ ಆಯ್ತು, ಪಿಜಿ ಡಂಪ್ ಅನ್ನೋ ಪ್ರೋಗ್ರಾಂ ತೆಗೆಯೋ ಡೇಟಾಬೇಸ್ ನಕಲು ದಿನಾ ರಾತ್ರಿ ಪೆನ್‌ಡ್ರೈವ್‌ಗೆ ಹೋಗುತ್ತೆ.

ಈಗ ಸಿಕ್ಕಿಹಾಕಿಕೊಂಡಿರೋದು ಕೊಪ್ಪರಿಗೆಯಲ್ಲಿ. ಟನ್ ಕಬ್ಬಿಗೆ ಹೆಚ್ಚೂ ಕಡಿಮೆ 100 ಕೆಜಿ ಬೆಲ್ಲ ಬರುತ್ತೆ, ಆದರೆ ಎಲ್ಲರ ಕಬ್ಬೂ ಒಂದೇ ಥರ ಇಳಿಯಲ್ಲ. ಯಾರದ್ದು ಎಷ್ಟು ಇಳೀತು ಅಂತ ಚಿಕ್ಕಪ್ಪನಿಗೆ ಬೇಕು. ಒಂದು ಲೋಡಿನ ಕಬ್ಬಿನ ಹಾಲು ಎರಡು ಮೂರು ಕೊಪ್ಪರಿಗೆಗೆ ಹೋಗುತ್ತೆ, ಒಂದು ಕೊಪ್ಪರಿಗೆಯಲ್ಲಿ ಇಬ್ಬರ ಹಾಲು ಸೇರುತ್ತೆ. ಅಂದ್ರೆ ಮಧ್ಯೆ ಇನ್ನೊಂದು ಟೇಬಲ್ ಬೇಕು: ಕೊಪ್ಪರಿಗೆ ನಂಬರ್, ಲೋಡ್ ನಂಬರ್, ಎಷ್ಟು ಲೀಟರ್. ಟೇಬಲ್ ಮಾಡೋಕೆ ಎರಡು ನಿಮಿಷ. ಒಲೆ ಮುಂದೆ ಬೇಯ್ತಾ ನಿಂತವರ ಕೈಯಲ್ಲಿ ಅದನ್ನು ಬರೆಸೋದು ಹೇಗೆ? ಗಾಣದ ಪಕ್ಕ ಒಂದು ಸ್ಲೇಟು ನೇತುಹಾಕಿ, ಲೋಡ್ ನಂಬರ್ ಮತ್ತು ಲೀಟರ್ ಮಾತ್ರ ಬರೆಯೋಕೆ ಹೇಳಿದ್ದೀನಿ. ಸಂಜೆ ಅದರ ಫೋಟೋ ವಾಟ್ಸಾಪ್‌ಗೆ ಬರುತ್ತೆ, ನಾನು ಮಂಡ್ಯದಲ್ಲಿ ಕೂತು ಟೈಪ್ ಮಾಡ್ತೀನಿ. ಒಂದು ವಾರದ ಲೆಕ್ಕ ಸರಿಯಾಗಿ ಬಂದರೆ ಆ ಕ್ವೆರಿ ಮುಂದಿನ ಕಂತಲ್ಲಿ ಹಾಕ್ತೀನಿ.