ಜಿಐಎಸ್ ಅಂದ್ರೆ ಮ್ಯಾಪ್ ಮಾಡೋದು ತಾನೆ?

"ಜಿಐಎಸ್ ಅಂದ್ರೆ ಮ್ಯಾಪ್ ಮಾಡೋದು ತಾನೆ? ಅದಕ್ಕೆ ಗೂಗಲ್ ಮ್ಯಾಪ್ಸ್ ಇದೆಯಲ್ಲ?" ನನ್ನ ಕೆಲಸ ಏನು ಅಂತ ಹೇಳಿದ ಕೂಡಲೇ ಬರುವ ಪ್ರಶ್ನೆ ಇದು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಅಲ್ಲ, ಮ್ಯಾಪ್ ಮಾಡೋದಷ್ಟೇ ಅಲ್ಲ. ಗೂಗಲ್ ಮ್ಯಾಪ್ಸ್ ಒಳ್ಳೆಯದೇ. ಆದರೆ ದಾರಿ ಯಾವುದು, ಹತ್ತಿರ ಏನಿದೆ ಎಂಬಂಥ ಕೆಲವು ಪ್ರಶ್ನೆಗಳಿಗೆ ಮಾತ್ರ ಅದನ್ನು ಸಿದ್ಧ ಮಾಡಿಟ್ಟಿದ್ದಾರೆ. ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ, ಇರುವುದು ನಿಮ್ಮದೇ ಪ್ರಶ್ನೆ ಕೇಳುವುದಕ್ಕೆ. ನದಿಯಿಂದ 500 ಮೀಟರ್ ಒಳಗೆ, ತಗ್ಗಿನಲ್ಲಿ ಎಷ್ಟು ಮನೆಗಳಿವೆ? ಇದನ್ನು ಫೋನಿನ ಮ್ಯಾಪ್‌ನಲ್ಲಿ ಕೇಳಿ ನೋಡಿ.

ಜಿಐಎಸ್‌ನಲ್ಲಿ ಪ್ರತಿಯೊಂದು ವಸ್ತುವಿಗೂ ಎರಡು ಮಾಹಿತಿ ಇರುತ್ತದೆ: ಅದು ಎಲ್ಲಿದೆ, ಅದು ಏನು. ಮನೆ ಒಂದು ಬಿಂದು, ನದಿ ಒಂದು ಗೆರೆ, ಹೊಲ ಒಂದು ಪಾಲಿಗನ್ (ಬಹುಭುಜ). ಇವು ವೆಕ್ಟರ್. ಉಪಗ್ರಹ ಚಿತ್ರ, ನೆಲದ ಎತ್ತರ ಇವೆಲ್ಲ ಚೌಕಗಳ ಜಾಲ. ಅದು ರಾಸ್ಟರ್. ಒಂದೊಂದೂ ಬೇರೆ ಬೇರೆ ಲೇಯರ್, ಅಂದರೆ ಪದರ. ನದಿಯ ಸುತ್ತ ಬಫರ್ (ಅಂದರೆ 500 ಮೀಟರ್‌ವರೆಗಿನ ಪಟ್ಟಿ) ಹಾಕಿ, ಎತ್ತರದ ಲೇಯರ್‌ನಿಂದ ತಗ್ಗು ಜಾಗ ಹುಡುಕಿ, ಎರಡನ್ನೂ ಮನೆಗಳ ಲೇಯರ್ ಮೇಲೆ ಕೂರಿಸಿದರೆ ಉತ್ತರ ಸಿಗುತ್ತದೆ. ಮ್ಯಾಪ್ ಬರುವುದು ಆಮೇಲೆ. ಎಷ್ಟೋ ಸಲ ಬರುವುದೇ ಇಲ್ಲ, ಒಂದು ಟೇಬಲ್ ಸಾಕಾಗುತ್ತದೆ.

ಇದು ಹುಟ್ಟಿದ್ದೇ ಹೀಗೆ. 1960ರ ದಶಕದಲ್ಲಿ ಕೆನಡಾ ತನ್ನ ನೆಲ ಯಾವುದಕ್ಕೆ ಯೋಗ್ಯ ಅಂತ ಲೆಕ್ಕ ಹಾಕಲು ಹೊರಟಿತು. ಬೇಸಾಯಕ್ಕೋ, ಕಾಡಿಗೋ, ವನ್ಯಜೀವಿಗಳಿಗೋ? ಮ್ಯಾಪ್‌ಗಳಿಗೆ ಕೊರತೆ ಇರಲಿಲ್ಲ. ಅವನ್ನು ಒಂದರ ಮೇಲೊಂದಿಟ್ಟು ಕೈಯಲ್ಲಿ ಅಳೆಯುವುದೇ ಆಗದ ಮಾತಾಗಿತ್ತು. ಭೂಗೋಳಶಾಸ್ತ್ರಜ್ಞ ರೋಜರ್ ಟಾಮ್ಲಿನ್ಸನ್ ಆ ಕೆಲಸಕ್ಕೆ ಕಂಪ್ಯೂಟರ್ ಹಚ್ಚಿದರು.

ಒಂದು ಸಭೆ ನನಗೆ ಇನ್ನೂ ಮರೆತಿಲ್ಲ. ಪ್ರವಾಹ ಬಂದರೆ ಯಾವ ಮನೆಗಳಿಗೆ ನೀರು ನುಗ್ಗಬಹುದು ಅಂತ ತೋರಿಸುತ್ತಿದ್ದೆ. ಮೊದಲ ಪ್ರಶ್ನೆ: "ಈ ನೀಲಿ ಸ್ವಲ್ಪ ತಿಳಿ ಮಾಡೋಕಾಗುತ್ತಾ?" ಎರಡನೆಯದು: "ಮೂಲೆಯಲ್ಲಿ ನಮ್ಮ ಲೋಗೋ ಬರುತ್ತಾ?" ನನಗೆ ಸಿಟ್ಟು ಬಂತು, ಈಗಲೂ ಬರುತ್ತದೆ. ನೀಲಿ ಅಂಚಿಗೆ ತಾಗಿಕೊಂಡು ಮನೆಗಳಿದ್ದವು, ಅವುಗಳಲ್ಲಿ ಜನ ಇದ್ದರು. ಆ ಅಂಚನ್ನು ಎಷ್ಟು ನಂಬಬಹುದು ಅಂತ ಒಬ್ಬರೂ ಕೇಳಲಿಲ್ಲ.

ನನ್ನನ್ನು ಕೇಳಬೇಕಾದದ್ದು ಅದನ್ನೇ. ಉಚಿತವಾಗಿ ಸಿಗುವ ಎಸ್‌ಆರ್‌ಟಿಎಂ ಎತ್ತರದ ಮಾಹಿತಿಯನ್ನೇ ತಗೊಳ್ಳಿ. ಅದನ್ನು ಬಾಹ್ಯಾಕಾಶ ನೌಕೆಯಿಂದ ರಾಡಾರ್‌ನಲ್ಲಿ ಅಳೆದದ್ದು 2000ದ ಫೆಬ್ರವರಿಯಲ್ಲಿ. ಆಮೇಲೆ ಕಟ್ಟಿದ ಒಡ್ಡು, ಅಗೆದ ಗುಂಡಿ ಅದರಲ್ಲಿ ಇಲ್ಲ. ಒಂದೊಂದು ಚೌಕ ಸುಮಾರು 30 ಮೀಟರ್, ಅಂದರೆ ಸಣ್ಣ ಮನೆಗಳು ಹಲವು ಒಂದೇ ಚೌಕದಲ್ಲಿ ಕೂರುತ್ತವೆ. ದಟ್ಟ ಕಾಡಿರುವಲ್ಲಿ ರಾಡಾರ್ ನೆಲ ಮುಟ್ಟುವುದಿಲ್ಲ, ಮರದ ಎತ್ತರವೂ ನೆಲದ ಲೆಕ್ಕಕ್ಕೆ ಸೇರುತ್ತದೆ. ಎತ್ತರದಲ್ಲಿ ಕೆಲವು ಮೀಟರ್ ವ್ಯತ್ಯಾಸ ಸಾಮಾನ್ಯ. ಆದರೆ ಒಂದು ಮೀಟರ್ ನೀರು ಸಾಕು ಸಂಸಾರ ಬೀದಿಗೆ ಬರೋದಕ್ಕೆ, ಅಲ್ವಾ?

ದೂರದ ಅಳತೆಯ ಕಥೆಯೂ ಹಾಗೇ. ಸಮಭಾಜಕದಲ್ಲಿ ಒಂದು ಡಿಗ್ರಿ ರೇಖಾಂಶ ಅಂದರೆ ಸುಮಾರು 111 ಕಿಲೋಮೀಟರ್. 60 ಡಿಗ್ರಿ ಅಕ್ಷಾಂಶಕ್ಕೆ ಹೋದರೆ ಅದರ ಅರ್ಧ. ಜಾಗಗಳನ್ನು ಡಿಗ್ರಿಯಲ್ಲಿ ಗುರುತಿಸಿರುವ ಲೇಯರ್‌ಗೆ ಸುಮ್ನೆ ಬಫರ್ ಹಾಕಿದರೆ ಸ್ಕ್ರೀನ್ ಮೇಲೆ ಚೆಂದದ ವೃತ್ತ ಕಾಣುತ್ತದೆ. ನೆಲದ ಮೇಲೆ ಅದು ವೃತ್ತವೇ ಅಲ್ಲ.

ಹಾಗಾಗಿ ಇನ್ನೊಮ್ಮೆ ನಾನು ಮ್ಯಾಪ್ ತೋರಿಸಿದಾಗ ಇವನ್ನು ಕೇಳಿ: ಡೇಟಾ ಯಾವ ವರ್ಷದ್ದು? ಯಾರು ಅಳೆದದ್ದು, ಏನಕ್ಕೆ ಅಂತ ಅಳೆದದ್ದು? ಪ್ರೊಜೆಕ್ಷನ್, ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ಮ್ಯಾಪ್ ಮಾಡಿದ ವಿಧಾನ, ಯಾವುದು? ಅಂಚಿನ ಮನೆಗಳ ಹತ್ತಿರ ಹೋಗಿ ಯಾರಾದರೂ ಎತ್ತರ ಅಳೆದು ಬಂದಿದ್ದಾರಾ? ಎಷ್ಟು ಹೊತ್ತಾದರೂ ಸರಿ, ಕೂತು ಉತ್ತರ ಹೇಳುತ್ತೇನೆ.