ಎಷ್ಟು ಕೆ.ಜಿ. ತಡೀತದೆ ಅಂತ ಕೇಳುವ ಮೊದಲು ರೀಲ್ ತನ್ನಿ

ಮಲ್ಪೆ ಕಡೆ ಗಾಳದ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬ್ರೇಡ್ (ಎಳೆ ಹೆಣೆದು ಮಾಡಿದ ಗಾಳದ ದಾರ) ಕೇಳಿಕೊಂಡು ಬರುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಇದು ಎಷ್ಟು ಕೆ.ಜಿ. ತಡೀತದೆ?" ನಾನೂ ಮೊದಲ ವರ್ಷ ಡಬ್ಬಿ ಮೇಲಿನ ಪೌಂಡ್ ಓದಿ ಹೇಳಿ, ದುಡ್ಡು ತಗೊಂಡು ಕಳಿಸುತ್ತಿದ್ದೆ.

ಆ ವರ್ಷವೇ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಹೊಸ 4000 ಸೈಜಿನ ಸ್ಪಿನ್ನಿಂಗ್ ರೀಲ್ ತಂದಿದ್ದರು. 20 ಪೌಂಡಿನ ಎಂಟು ಎಳೆ ಬ್ರೇಡ್, 150 ಮೀಟರ್. ರೀಲಿನ ಅಲ್ಯೂಮಿನಿಯಂ ಸ್ಪೂಲಿಗೆ, ಅಂದರೆ ದಾರ ಸುತ್ತುವ ಉರುಳೆಗೆ, ನೇರವಾಗಿ ಗಂಟು ಹಾಕಿ ಸುತ್ತಿಕೊಟ್ಟೆ. ನೋಡಲು ಚಂದ ಕೂತಿತ್ತು.

ಹತ್ತು ದಿನ ಬಿಟ್ಟು ವಾಪಸ್ ಬಂದರು. "ಎಂತ ಮಾರಾಯ, ನೀನು ಕೊಟ್ಟ ದಾರ ಹಾಕಿದ ಮೇಲೆ ರೀಲೇ ಹಾಳಾಯ್ತು. ಡ್ರ್ಯಾಗ್ ಪೂರ್ತಿ ಬಿಗಿ ಮಾಡಿದ್ರೂ ಮೀನು ಎಳ್ಕೊಂಡೇ ಹೋಗ್ತದೆ." ಡ್ರ್ಯಾಗ್ ಅಂದರೆ ಮೀನು ಎಳೆದಾಗ ಸ್ಪೂಲನ್ನು ಹಿಡಿದಿಡುವ ಬ್ರೇಕ್. ಕೋಡಿ ಬೆಂಗ್ರೆ ಅಳಿವೆಯಲ್ಲಿ ಕೆಂಬೇರಿ ಮೀನು ಕಚ್ಚಿತ್ತಂತೆ. ನಿಲ್ಲಿಸಲಾಗದೆ ಕಲ್ಲಿನ ಸಂದಿಗೆ ಹೋಗಿ ದಾರ ತುಂಡಾಯಿತಂತೆ. ನಾನು ಡ್ರ್ಯಾಗ್ ಬಿಚ್ಚಿ ವಾಷರ್ ಒರೆಸಿ, ಗ್ರೀಸ್ ಹಾಕಿ ಮತ್ತೆ ಜೋಡಿಸಿದೆ. ಏನೂ ವ್ಯತ್ಯಾಸವಿಲ್ಲ.

ನಮ್ಮ ಯಜಮಾನರು ಅಷ್ಟು ಹೊತ್ತು ಸುಮ್ನೆ ನೋಡುತ್ತಿದ್ದರು. ಕೊನೆಗೆ ಮಾರ್ಕರ್ ಪೆನ್ ತಗೊಂಡು ಸ್ಪೂಲಿನ ಅಂಚಿನಿಂದ ದಾರದ ಮೇಲೆ ಬರುವ ಹಾಗೆ ಒಂದು ಗೆರೆ ಎಳೆದರು. ಡ್ರ್ಯಾಗ್ ಪೂರ್ತಿ ಬಿಗಿ ಮಾಡಿದರು. ದಾರದ ತುದಿಯನ್ನು ಒಂದು ಕೋಲಿಗೆ ಸುತ್ತಿ ನನ್ನ ಕೈಗೆ ಕೊಟ್ಟು ಎಳೆ ಅಂದರು. ಎಳೆದೆ. ಸ್ಪೂಲ್ ಅಲುಗಾಡಲಿಲ್ಲ. ಆದರೆ ದಾರದ ಮೇಲಿನ ಗೆರೆ ಅಂಚಿನ ಗೆರೆಯನ್ನು ಬಿಟ್ಟು ಮೆಲ್ಲಗೆ ಆಚೆ ಸರಿಯಿತು. 150 ಮೀಟರ್ ದಾರ ಇಡೀ ಉಂಡೆಯಾಗಿ, ಕೈಯಲ್ಲಿ ಬಳೆ ತಿರುಗಿದ ಹಾಗೆ, ಸ್ಪೂಲಿನ ಸುತ್ತ ತಿರುಗುತ್ತಿತ್ತು. ರೀಲಿಗೆ ಏನೂ ಆಗಿರಲಿಲ್ಲ. ತಪ್ಪು ನಂದು.

ಬ್ರೇಡ್ ಅಂದರೆ ಪಾಲಿಎಥಿಲೀನ್ ಎಳೆಗಳನ್ನು ಜಡೆ ಹೆಣೆದ ಹಾಗೆ ಹೆಣೆದದ್ದು. ನುಣುಪು ಜಾಸ್ತಿ, ಹಿಗ್ಗುವುದು ಇಲ್ಲವೆನ್ನುವಷ್ಟು ಕಮ್ಮಿ. ನೈಲಾನ್ ದಾರ ಸುತ್ತುವಾಗ ಸ್ವಲ್ಪ ಹಿಗ್ಗಿ, ಆಮೇಲೆ ಸ್ಪೂಲನ್ನು ಅಪ್ಪಿ ಹಿಡಿಯುತ್ತದೆ. ಬ್ರೇಡಿಗೆ ಆ ಗುಣ ಇಲ್ಲ. ಅದಕ್ಕೇ ಈಗ ಬುಡಕ್ಕೆ ಹತ್ತು ಮೀಟರ್ ನೈಲಾನ್ ಸುತ್ತಿ, ಅದಕ್ಕೆ ಬ್ರೇಡ್ ಗಂಟು ಹಾಕುತ್ತೇನೆ. ನೈಲಾನ್ ಬೇಡ ಅನ್ನುವವರಿಗೆ ಸ್ಪೂಲಿಗೆ ಒಂದು ಸುತ್ತು ಇನ್ಸುಲೇಶನ್ ಟೇಪ್ ಅಂಟಿಸಿದರೂ ಸಾಕು. ಕೆಲವು ಸ್ಪೂಲುಗಳಲ್ಲಿ ರಬ್ಬರ್ ಪಟ್ಟಿ ಕೂರಿಸಿಯೇ ಬರುತ್ತದೆ, ಅವಕ್ಕೆ ಇದ್ಯಾವುದೂ ಬೇಡ.

ಅವತ್ತಿಂದ ನನ್ನ ಮೊದಲ ಮಾತು "ರೀಲ್ ತಂದಿದ್ದೀರಾ?" ಎರಡನೆಯದು "ಎಲ್ಲಿ ಹಾಕ್ತೀರಿ?" ಕೆ.ಜಿ. ಲೆಕ್ಕ ಆಮೇಲೆ.

2500 ಸೈಜಿನ ಸ್ಪಿನ್ನಿಂಗ್ ರೀಲಿಗೆ ಪಿಇ 1ರ ಆಸುಪಾಸು, 4000ಕ್ಕೆ ಪಿಇ 1.5ರಿಂದ 2. ಪಿಇ ಅನ್ನುವುದು ಜಪಾನಿನ ದಪ್ಪದ ಅಳತೆ. ಪಿಇ 1 ಅಂದರೆ ಸುಮಾರು 0.165 ಮಿ.ಮೀ., ಪಿಇ 2 ಅಂದರೆ 0.235. ನಾನು ಪೌಂಡಿಗಿಂತ ಇದನ್ನೇ ಜಾಸ್ತಿ ನೋಡುತ್ತೇನೆ. ರೀಲಿಗೆ ಎಷ್ಟು ದಾರ ಹಿಡಿಸುತ್ತದೆ, ಎಷ್ಟು ದೂರ ಬೀಳುತ್ತದೆ, ಎರಡನ್ನೂ ಹೇಳುವುದು ದಪ್ಪ. ಅಗ್ಗದ ದಾರಗಳಲ್ಲಿ ಮಾತ್ರ ಈ ನಂಬರನ್ನೂ ಕಣ್ಣುಮುಚ್ಚಿ ನಂಬಬೇಡಿ. 0.2 ಅಂತ ಬರೆದದ್ದು ಕೈಗೆ ಹುರಿಹಗ್ಗದ ಹಾಗೆ ಸಿಕ್ಕಿದ್ದೂ ಇದೆ.

ಬೇಟ್‌ಕಾಸ್ಟರ್ ರೀಲಿನ (ಬೀಸುವಾಗ ಸ್ಪೂಲೇ ತಿರುಗಿ ದಾರ ಬಿಡುವಂಥದ್ದು) ಕತೆ ಬೇರೆ. ಅದಕ್ಕೆ ತೆಳು ದಾರ ಹಾಕಿದರೆ ದೊಡ್ಡ ಮೀನು ಎಳೆದಾಗ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಹೂತು ಕೂರುತ್ತದೆ. ಮುಂದಿನ ಸಲ ಬೀಸಿದಾಗ ದಾರ ಅಲ್ಲೇ ಗಕ್ಕನೆ ನಿಲ್ಲುತ್ತದೆ, ಲೂರ್ (ಮೀನಿಗೆ ತೋರಿಸುವ ನಕಲಿ ಎರೆ) ಮಾತ್ರ ತುಂಡಾಗಿ ಹಾರಿಹೋಗುತ್ತದೆ. ಲೂರಿನ ಬೆಲೆ ಗೊತ್ತಲ್ವಾ? ಹಾಗಾಗಿ ಇದಕ್ಕೆ 30 ಪೌಂಡಿಗಿಂತ ಕಮ್ಮಿ ನಾನಾಗಿ ಕೊಡುವುದಿಲ್ಲ. ಕೆರೆಯ ಕಳೆಯಲ್ಲಿ ಕಪ್ಪೆ ಆಕಾರದ ಲೂರ್ ಹಾಕಿ ಕೊರವ ಮೀನು ಹಿಡಿಯುವವರಿಗೆ 40, 50 ಪೌಂಡಿನ ನಾಲ್ಕೆಳೆ. ನಾಲ್ಕೆಳೆ ಸ್ವಲ್ಪ ಒರಟು, ರಾಡಿನ ರಿಂಗಿನಲ್ಲಿ ಸರ್ ಅಂತ ಸದ್ದು ಮಾಡುತ್ತದೆ. ಆದರೆ ಆ ಒರಟುತನವೇ ಕಳೆಯನ್ನು ಗರಗಸದ ಹಾಗೆ ಕೊಯ್ಯುತ್ತದೆ. ಎಂಟೆಳೆ ದುಂಡಗೆ, ನಯ, ದೂರ ಹೋಗುತ್ತದೆ. ಬೀಚಿನಲ್ಲಿ ನಿಂತು ಬೀಸುವವರಿಗೆ ಅದೇ ಸರಿ. ಎಂಟೆಳೆ ಎಲ್ಲದಕ್ಕೂ ಮೇಲು ಅನ್ನುವುದು ಬರೀ ಮಾರುವವರ ಮಾತು. ನಾನೂ ಮಾರುವವನೇ, ಇರಲಿ.

ಕಲ್ಲು ಇರುವ ಜಾಗಕ್ಕೆ ಎಷ್ಟು ಪೌಂಡಿನ ಬ್ರೇಡ್ ಕೊಟ್ಟರೂ ಅಷ್ಟೇ. ಬಿಗಿಯಾಗಿ ನಿಂತ ಬ್ರೇಡ್ ಕಲ್ಲಿಗಂಟಿದ ಚಿಪ್ಪಿಗೆ ಒಮ್ಮೆ ಉಜ್ಜಿದರೆ ಮುಗಿಯಿತು. ಬ್ಯಾಂಕಿನವರ ಕೆಂಬೇರಿ ಹೋದದ್ದೂ ಹಾಗೇ, ಅವರು ಲೀಡರ್ (ಬ್ರೇಡಿನ ತುದಿಗೆ ಸೇರಿಸುವ ಬೇರೆ ದಾರದ ತುಂಡು) ಕಟ್ಟಿರಲಿಲ್ಲ. ಕಟ್ಟಿ ಅಂತ ನಾನೂ ಹೇಳಿರಲಿಲ್ಲ. ಒಂದೆರಡು ಮೀಟರ್ ದಪ್ಪ ನೈಲಾನ್ ಇಲ್ಲವೇ ಫ್ಲೋರೋಕಾರ್ಬನ್ ಮುಂದೆ ಇರಲೇಬೇಕು. ಅಂಜಲ್ ಹಿಡಿಯುವವರು ಅದರ ಹಲ್ಲಿಗೆ ತಂತಿಯನ್ನೂ ಸೇರಿಸುತ್ತಾರೆ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ. ಒಣಗಂಟನ್ನು ಜಗ್ಗಿ ಎಳೆದರೆ ಬಿಸಿಯಾಗುತ್ತದೆ, ಈ ಎಳೆಗಳಿಗೆ ಬಿಸಿ ಆಗಿಬರುವುದಿಲ್ಲ.

ಗಾಳಿ ಜೋರಿದ್ದಾಗ ತೆಳು ಬ್ರೇಡ್ ಸಡಿಲವಾಗಿ ಸುತ್ತಿಕೊಂಡು, ಮುಂದಿನ ಬೀಸಿಗೆ ಗೋಜಲಾಗಿ ಹೊರಬರುತ್ತದೆ. ದಾರ ಬದಲಾಯಿಸುವ ಮೊದಲು ಒಂದು ಕೆಲಸ ಮಾಡಿ ನೋಡಿ: ಲೂರ್ ನೀರಿಗೆ ಬಿದ್ದ ಕೂಡಲೇ ಬೇಲನ್ನು (ದಾರವನ್ನು ಸ್ಪೂಲಿಗೆ ಸುತ್ತಿಸುವ ತಂತಿ ಕಮಾನು) ಕೈಯಿಂದ ಮುಚ್ಚಿ, ದಾರವನ್ನು ಒಮ್ಮೆ ಬಿಗಿ ಎಳೆದು, ಆಮೇಲೆ ಸುತ್ತಿ. ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಬ್ಯಾಂಕಿನವರು ಈಗಲೂ ಬರುತ್ತಾರೆ. ದಾರ ಸುತ್ತಿಕೊಟ್ಟ ಮೇಲೆ ಕೌಂಟರಿನ ಡಬ್ಬಿಯಿಂದ ತಾವೇ ಮಾರ್ಕರ್ ತೆಗೆದು ಗೆರೆ ಎಳೆಯುತ್ತಾರೆ, ತುದಿಯನ್ನು ಕೋಲಿಗೆ ಸುತ್ತಿ ನನ್ನ ಕೈಗೆ ಕೊಡುತ್ತಾರೆ. "ಎಳಿ ಮಾರಾಯ, ನೋಡುವ."