ಮೆಟಲ್ ಶೋಗೆ ಯಾವ ಡಿಜಿಟಲ್ ಆಂಪ್ ತಗೊಳ್ಳಲಿ?

ತಿಂಗಳಿಗೆ ಇಬ್ಬರು ಮೂವರಾದರೂ ಈ ಪ್ರಶ್ನೆ ಕೇಳುತ್ತಾರೆ. ಹೆಚ್ಚಿನವರು ಕಾಲೇಜು ಹುಡುಗರು. ಮೊದಲ ಬ್ಯಾಂಡ್ ಕಟ್ಟಿರುತ್ತಾರೆ, ಮೊದಲ ಶೋ ಹತ್ತಿರ ಬಂದಿರುತ್ತದೆ. "ಅಣ್ಣಾ, ಲೈವ್‌ನಲ್ಲಿ ಮೆಟಲ್ ಬಾರಿಸೋಕೆ ಯಾವ ಮಾಡೆಲಿಂಗ್ ಆಂಪ್ ಒಳ್ಳೇದು? ಕೆಂಪರಾ, ಕ್ವಾಡ್ ಕಾರ್ಟೆಕ್ಸಾ, ಇಲ್ಲಾ ಕಟಾನಾನೇ ಸಾಕಾ?" ಮಾಡೆಲಿಂಗ್ ಆಂಪ್ ಅಂದರೆ ಬೇರೆ ಬೇರೆ ಆಂಪ್‌ಗಳ ಸದ್ದನ್ನು ಡಿಜಿಟಲ್ ಆಗಿ ನಕಲು ಮಾಡುವ ಯಂತ್ರ, ಆ ಮೂರು ಹೆಸರುಗಳೂ ಅಂಥವೇ. ಒಂದು ಹೆಸರು ಹೇಳಿ ಕಳಿಸಬಹುದು, ಆದರೆ ಅವರು ಕಷ್ಟಪಟ್ಟು ಕೂಡಿಸಿದ ದುಡ್ಡು ಅದು, ಹಾಗೆ ಮಾಡೋಕೆ ನನಗೆ ಮನಸ್ಸು ಬರುವುದಿಲ್ಲ. ಅದಕ್ಕೇ ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ನೀವು ಬಾರಿಸುವ ಜಾಗದಲ್ಲಿ ನಿಮ್ಮ ಗಿಟಾರ್ ಸದ್ದು ಜನರ ಕಿವಿಗೆ ಮುಟ್ಟುವುದು ಯಾವ ಸ್ಪೀಕರ್‌ನಿಂದ?

ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ.

ಪಬ್ ಆಗಲಿ, ಕಾಲೇಜು ಫೆಸ್ಟ್ ಆಗಲಿ, ಜನರಿಗೆ ಗಿಟಾರ್ ಕೇಳಿಸುವುದು ಹೆಚ್ಚಾಗಿ ಪಿಎ ಸ್ಪೀಕರ್‌ಗಳಿಂದ, ಅಂದರೆ ಜನರ ಕಡೆ ಮುಖ ಮಾಡಿ ಇಟ್ಟ ದೊಡ್ಡ ಸ್ಪೀಕರ್‌ಗಳಿಂದ. ಸ್ಟೇಜ್ ಮೇಲಿನ ಆಂಪ್‌ನ ಮುಂದೆ ಒಂದು ಮೈಕ್ ಇಟ್ಟಿರುತ್ತಾರೆ, ಆ ಮೈಕ್ ಏನು ಹಿಡಿಯುತ್ತದೋ ಜನಕ್ಕೆ ಸಿಗುವುದೂ ಅಷ್ಟೇ. ಮೈಕ್ ಎರಡು ಇಂಚು ಪಕ್ಕಕ್ಕೆ ಸರಿದರೆ ಸದ್ದೇ ಬೇರೆ. ಒಂದೇ ಸಂಜೆ ಐದು ಬ್ಯಾಂಡ್ ಇದ್ದು, ಒಂದು ಇಳಿದು ಇನ್ನೊಂದು ಹತ್ತೋಕೆ ಹದಿನೈದು ನಿಮಿಷ ಮಾತ್ರ ಇರುವಾಗ, ಯಾರದೋ ಕಾಲು ತಾಗಿ ಮೈಕ್ ತಿರುಗಿಕೊಂಡಿದ್ದನ್ನು ನೋಡುವವರು ಯಾರು? ಮಾಡೆಲಿಂಗ್‌ನ ದೊಡ್ಡ ಲಾಭ ಇಲ್ಲಿದೆ. ಆಂಪ್, ಕ್ಯಾಬ್ (ಸ್ಪೀಕರ್ ಪೆಟ್ಟಿಗೆ), ಮೈಕ್ ಮೂರರ ಕೆಲಸವೂ ಯಂತ್ರದ ಒಳಗೇ ಆಗಿ, ಒಂದು ಕೇಬಲ್‌ನಲ್ಲಿ ನೇರ ಮಿಕ್ಸರ್‌ಗೆ ಹೋಗುತ್ತದೆ. ನಿನ್ನೆ ಜಾಮ್‌ರೂಮ್‌ನಲ್ಲಿ "ಮೈಕ್" ಎಲ್ಲಿತ್ತೋ ಇವತ್ತೂ ಅಲ್ಲೇ ಇರುತ್ತದೆ.

ಡಿಜಿಟಲ್‌ನಲ್ಲಿ ಮೆಟಲ್ ಆಗಲ್ಲ ಅನ್ನುವವರು ಇನ್ನೂ ಇದ್ದಾರೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಬಾರಿಸಿದ ಮೆಟಾಲಿಕಾ, ಎರಡು ವರ್ಷ ಬಿಟ್ಟು, 2013ರ ಡಿಸೆಂಬರ್ 8ರಂದು ಅಂಟಾರ್ಕ್ಟಿಕಾದಲ್ಲಿ ಅರ್ಜೆಂಟೀನಾದ ಕಾರ್ಲಿನಿ ನೆಲೆಯಲ್ಲಿ ಶೋ ಮಾಡಿತು. ಅಲ್ಲಿ ದೊಡ್ಡ ಸ್ಪೀಕರ್‌ಗಳೇ ಇರಲಿಲ್ಲ, ಸೇರಿದ್ದವರು ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಗಿಟಾರ್‌ಗಳು ಹೋಗಿದ್ದು ಫ್ರಾಕ್ಟಲ್ ಕಂಪನಿಯ ಆಕ್ಸ್-ಎಫ್‌ಎಕ್ಸ್ ಅನ್ನುವ ಮಾಡೆಲರ್ ಮೂಲಕ. ಅಷ್ಟು ದೊಡ್ಡ ಬ್ಯಾಂಡ್‌ಗೆ ಆಗುತ್ತದೆ ಅಂದರೆ ನಮಗೂ ಆಗುತ್ತದೆ.

ಸರಿ, ಯಾವುದು ತಗೊಳ್ಳೋದು? ಒಳ್ಳೆಯ ಪಿಎ, ಸ್ಟೇಜ್ ಮೇಲೆ ಬಾರಿಸುವವರಿಗೆ ಕೇಳಿಸುವ ಮಾನಿಟರ್ ಸ್ಪೀಕರ್ ಇರುವ ಕಡೆಗಳಲ್ಲೇ ನಿಮ್ಮ ಶೋ ಜಾಸ್ತಿ ಅಂದರೆ ನೆಲದ ಮೇಲಿಟ್ಟು ಕಾಲಲ್ಲಿ ಒತ್ತುವ, ಸ್ಪೀಕರ್ ಇಲ್ಲದ ಫ್ಲೋರ್ ಯೂನಿಟ್ ಸಾಕು. ಲೈನ್ 6 ಹೀಲಿಕ್ಸ್, ಫ್ರಾಕ್ಟಲ್ ಎಫ್‌ಎಮ್3, ಕ್ವಾಡ್ ಕಾರ್ಟೆಕ್ಸ್, ಕೆಂಪರ್ ಇವುಗಳಲ್ಲಿ ಯಾವುದರಲ್ಲೂ ಮೆಟಲ್ ಟೋನ್‌ಗೆ ಕೊರತೆ ಇಲ್ಲ. ಈ ಯಂತ್ರಗಳ ನಡುವಿನ ವ್ಯತ್ಯಾಸಕ್ಕಿಂತ ಎರಡು ಐಆರ್ ಫೈಲ್‌ಗಳ ನಡುವಿನ ವ್ಯತ್ಯಾಸವೇ ನನ್ನ ಕಿವಿಗೆ ದೊಡ್ಡದು. ಐಆರ್ ಅಂದರೆ ಕ್ಯಾಬ್ ಮತ್ತು ಮೈಕ್‌ನ ಸ್ವಭಾವವನ್ನು ಹಿಡಿದಿಟ್ಟ ಚಿಕ್ಕ ಆಡಿಯೋ ಫೈಲ್. ಬಜೆಟ್ ಕಮ್ಮಿ ಇದ್ದರೆ ಲೈನ್ 6ನದೇ ಚಿಕ್ಕ ಯಂತ್ರ ಎಚ್‌ಎಕ್ಸ್ ಸ್ಟಾಂಪ್ ಸೆಕೆಂಡ್‌ಹ್ಯಾಂಡ್ ಹುಡುಕಿ. ಅದರಲ್ಲಿ ಎಕ್ಸ್‌ಎಲ್‌ಆರ್ ಔಟ್ (ಮೈಕ್ ಕೇಬಲ್ ಹಾಕುವ ಮೂರು ಪಿನ್ನಿನ ಜಾಗ) ಇಲ್ಲ, ಆದ್ದರಿಂದ ಗಿಟಾರ್ ಲೈನನ್ನು ಮಿಕ್ಸರ್‌ಗೆ ಹೊಂದಿಸುವ ಒಂದು ಡಿಐ ಬಾಕ್ಸ್ ನಿಮ್ಮದೇ ಅಂತ ಬ್ಯಾಗ್‌ನಲ್ಲಿರಲಿ.

ಪಿಎಯಲ್ಲಿ ಬರೀ ಹಾಡುವ ಮೈಕ್ ಮಾತ್ರ ಹಾಕುವ ಸಣ್ಣ ಜಾಗಗಳೇ ಜಾಸ್ತಿ ಅಂದರೆ ಸ್ಪೀಕರ್ ಇರುವ ಆಂಪ್ ಬೇಕು. ಅಂಥ ಕಡೆ ಬಾಸ್ ಕಟಾನಾ ಒಳ್ಳೆಯ ಆಯ್ಕೆ. ಚಿಕ್ಕ ರೂಮ್‌ಗೆ 50 ವಾಟ್ ಸಾಕಾಗುತ್ತದೆ. ನಿಮ್ಮ ಡ್ರಮ್ಮರ್ ಡಬಲ್ ಬೇಸ್ ಡ್ರಮ್ ಹೊಡೆಯುವವನಾದರೆ 100 ವಾಟ್‌ನದೇ ತಗೊಳ್ಳಿ.

ಜಿಲ್ಲಾ ಕೇಂದ್ರಗಳಲ್ಲಿ ಬಾರಿಸಿದಾಗ ಗಮನಿಸಿದ ಒಂದು ವಿಷಯ. ಅಲ್ಲಿ ಸೌಂಡ್ ಹಾಕುವವರು ಸಾಮಾನ್ಯವಾಗಿ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಿಗೆ ಹಾಕಿ ಪಳಗಿದವರು. ಗಿಟಾರ್ ಆಂಪ್‌ಗೆ ಮೈಕ್ ಇಡುವ ಅಭ್ಯಾಸ ಅವರಿಗೆ ಕಮ್ಮಿ. ಆದರೆ ಕೀಬೋರ್ಡ್‌ನಿಂದ ಲೈನ್ ತಗೊಳ್ಳೋದು ಅವರಿಗೆ ನೀರು ಕುಡಿದಷ್ಟು ಸುಲಭ. "ಅಣ್ಣಾ, ಇದನ್ನು ಕೀಬೋರ್ಡ್ ಅಂತಾನೇ ತಿಳ್ಕೊಂಡು ಒಂದು ಲೈನ್ ಕೊಡಿ" ಅಂದರೆ ಎರಡು ನಿಮಿಷದಲ್ಲಿ ಗಿಟಾರ್ ಸದ್ದು ಪಿಎಯಲ್ಲಿ ಬಂದಿರುತ್ತದೆ.

ಇನ್ನು ಮುಖ್ಯ ವಿಷಯ. ನೀವು ಏನೇ ತಗೊಂಡರೂ, ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಮಾಡಿದ ಪ್ಯಾಚ್ (ಯಂತ್ರದಲ್ಲಿ ಉಳಿಸಿಟ್ಟ ಸೆಟ್ಟಿಂಗ್, ಪ್ರೀಸೆಟ್ ಅಂದರೂ ಅದೇ) ಸ್ಟೇಜ್ ಮೇಲೆ ಕೆಲಸ ಮಾಡುವುದಿಲ್ಲ. ಒಂದು ಕಾಲೇಜು ಫೆಸ್ಟ್‌ನಲ್ಲಿ ನನಗೆ ಹೀಗಾಯಿತು. ಮನೆಯಲ್ಲಿ ಗೋಡೆ ಬಿದ್ದ ಹಾಗೆ ಕೇಳಿಸುತ್ತಿದ್ದ ಪ್ಯಾಚ್. ಮೊದಲ ಹಾಡು ಶುರುವಾಗಿ ಡ್ರಮ್ಸ್, ಬೇಸ್ ಸೇರಿಕೊಂಡ ತಕ್ಷಣ ನನ್ನ ಗಿಟಾರ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಬೆರಳು ತಂತಿ ಮೇಲೆ ಓಡುತ್ತಿದೆ, ಪಿಕ್ ತಾಗುವುದು ಕೈಗೆ ಗೊತ್ತಾಗುತ್ತಿದೆ, ಕಿವಿಗೆ ಮಾತ್ರ ಸೊಳ್ಳೆ ಗುಂಯ್ ಅಂದಷ್ಟು. ಎದುರಿಗೆ ಬೇಸ್ ಬಾರಿಸುವ ಗೆಳೆಯ ಹುಬ್ಬು ಮೇಲೆತ್ತಿ "ಎಲ್ಲಿದ್ದೀಯ?" ಅಂತ ಕಣ್ಣಲ್ಲೇ ಕೇಳುತ್ತಿದ್ದ. ಹಾಡಿನ ಮಧ್ಯೆ ಬಗ್ಗಿ ಮಿಡ್ (ಬೇಸ್, ಟ್ರೆಬಲ್ ನಡುವಿನ ಸದ್ದು) ನಾಬ್ ನೋಡಿದೆ, ಎರಡರಲ್ಲಿತ್ತು. ಆರಕ್ಕೆ ತಿರುಗಿಸಿದೆ. ಮುಂದಿನ ರಿಫ್‌ಗೇ ಗಿಟಾರ್ ವಾಪಸ್ ಬಂತು. ಅವತ್ತಿನಿಂದ ಅದನ್ನು ಐದಕ್ಕಿಂತ ಕೆಳಗೆ ಇಳಿಸಿಲ್ಲ.

ಯಾಕೆ ಹೀಗಾಗುತ್ತದೆ? ಸದ್ದು ಕಮ್ಮಿ ಇದ್ದಾಗ ನಮ್ಮ ಕಿವಿಗೆ ಬೇಸ್ ಕಮ್ಮಿ ಕೇಳಿಸುತ್ತದೆ, ತೀರಾ ಮೇಲಿನ ಟ್ರೆಬಲ್ ಕೂಡ ಅಷ್ಟೇ. ಅದಕ್ಕೆ ಮನೆಯಲ್ಲಿ ಎರಡನ್ನೂ ಏರಿಸಿ ಮಿಡ್ ಇಳಿಸುತ್ತೇವೆ. ಸ್ಟೇಜ್ ಮೇಲೆ ಸದ್ದು ಏರಿದಾಗ ಆ ಬೇಸ್ ಉಬ್ಬಿಕೊಂಡು ಬೇಸ್ ಗಿಟಾರ್, ಕಿಕ್ ಡ್ರಮ್ ಜೊತೆ ಕಲಸಿಹೋಗುತ್ತದೆ, ಟ್ರೆಬಲ್ ಸಿಂಬಲ್‌ಗಳ ಕೆಳಗೆ ಮುಳುಗುತ್ತದೆ. ಗಿಟಾರ್‌ಗೆ ನಿಲ್ಲೋಕೆ ಜಾಗ ಇರುವುದು ಮಿಡ್‌ನಲ್ಲಿ, ಅದನ್ನೇ ನಾವು ತೆಗೆದಿರುತ್ತೇವೆ. ಡ್ರಾಪ್ ಸಿ ಟ್ಯೂನಿಂಗ್‌ನಲ್ಲಿ ಸಿ ಸ್ವರಕ್ಕೆ ಇಳಿಸಿದ ಕೆಳಗಿನ ತಂತಿ ಸುಮಾರು 65 ಹರ್ಟ್ಸ್. ಆದರೂ ನಾನು 80ರಿಂದ 100 ಹರ್ಟ್ಸ್ ಹತ್ತಿರ ಲೋ-ಕಟ್ ಹಾಕಿ ಅದಕ್ಕಿಂತ ಕೆಳಗಿನ ಸದ್ದು ಇಳಿಸುತ್ತೇನೆ, ಕೆಳಗಿನದನ್ನು ಬೇಸ್ ಗಿಟಾರ್ ನೋಡಿಕೊಳ್ಳುತ್ತದೆ. ಮೇಲೆ 6ರಿಂದ 8 ಕಿಲೋಹರ್ಟ್ಸ್ ನಡುವೆ ಹೈ-ಕಟ್. ನಿಜವಾದ ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ದಾಟಿದ ಮೇಲೆ ಹೇಗೂ ಕೈಬಿಡುತ್ತದೆ, ಪಿಎ ಸ್ಪೀಕರ್ ಬಿಡುವುದಿಲ್ಲ. ಜನ "ಡಿಜಿಟಲ್ ಸದ್ದು" ಅಂತ ಬಯ್ಯುವ ಆ ಕರಕರ ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ.

ಗೇನ್ (ಡಿಸ್ಟಾರ್ಷನ್ ಎಷ್ಟು ಅನ್ನುವುದು) ಕೂಡ ಹಾಗೆಯೇ. ಮನೆಯಲ್ಲಿ ಇಷ್ಟ ಆಗುವುದಕ್ಕಿಂತ ಕಮ್ಮಿ ಇಡಿ. ಆಂಪ್‌ನ ಮುಂದೆ ಒಂದು ಟ್ಯೂಬ್ ಸ್ಕ್ರೀಮರ್ ಮಾದರಿ ಪೆಡಲ್, ಅದರ ಡ್ರೈವ್ ಸೊನ್ನೆ, ಲೆವೆಲ್ ಮೇಲಕ್ಕೆ. ಪಾಮ್ ಮ್ಯೂಟ್ (ಅಂಗೈ ತಂತಿಗೆ ಒತ್ತಿ ಬಾರಿಸುವುದು) ಬಿಗಿಯಾಗುತ್ತದೆ. ಹೀಲಿಕ್ಸ್‌ನಲ್ಲಿ ಇದರ ಹೆಸರು ಸ್ಕ್ರೀಮ್ 808. ಪೀವಿ 5150 ಆಂಪ್‌ನ ಸದ್ದು ಬೇಕಿದ್ದರೆ ಪಿವಿ ಪನಾಮಾ, ಮೆಸಾ ಡ್ಯುಯಲ್ ರೆಕ್ಟಿಫೈಯರ್ ಬೇಕಿದ್ದರೆ ಕ್ಯಾಲಿ ರೆಕ್ಟಿಫೈರ್ ಅಂತ ಹುಡುಕಿ. ಬ್ಯಾಂಡ್‌ನಲ್ಲಿ ಇಬ್ಬರು ಗಿಟಾರಿಸ್ಟ್ ಇದ್ದರೆ ಇಬ್ಬರೂ ಒಂದೇ ಆಂಪ್ ಮಾಡೆಲ್ ಹಾಕಬೇಡಿ. ಒಬ್ಬರು 5150 ಹಾಕಿದರೆ ಇನ್ನೊಬ್ಬರು ಮಾರ್ಷಲ್ ಕಡೆ ಹೋಗಿ. ಆಗ ಇಬ್ಬರದೂ ಬೇರೆ ಬೇರೆಯಾಗಿ ಕೇಳಿಸುತ್ತದೆ.

ಲೀಡ್ ಬಂದಾಗ ಗೇನ್ ಏರಿಸಬೇಡಿ, ವಾಲ್ಯೂಮ್ 3 ಡೆಸಿಬೆಲ್ ಏರಿಸಿ. ಸಣ್ಣ ಪಬ್‌ಗಳಲ್ಲಿ ಪಿಎ ಮೋನೋ ಇರುವುದೇ ಜಾಸ್ತಿ, ಸ್ಟೀರಿಯೋ ಡಿಲೇಗೆ ಅಲ್ಲಿ ಬೆಲೆ ಇಲ್ಲ. ಕ್ಲೀನ್‌ನಿಂದ ಡಿಸ್ಟಾರ್ಷನ್‌ಗೆ ಹೋಗೋಕೆ ಪ್ರೀಸೆಟ್ ಬದಲಿಸಿದರೆ ಕೆಲವು ಯಂತ್ರಗಳಲ್ಲಿ ಒಂದು ಕ್ಷಣ ಸದ್ದು ಕತ್ತರಿಸುತ್ತದೆ. ಒಂದೇ ಪ್ರೀಸೆಟ್ ಒಳಗೇ ಸೆಟ್ಟಿಂಗ್ ಬದಲಿಸುವ ಸ್ನ್ಯಾಪ್‌ಶಾಟ್ ಅಥವಾ ಸೀನ್ ಬಳಸಿ.

ಇನ್ನೊಂದು ತಪ್ಪು ತುಂಬಾ ಸಲ ನೋಡಿದ್ದೇನೆ. ಮಾಡೆಲರ್‌ನಿಂದ ಪವರ್ ಆಂಪ್ ಮೂಲಕ ಸ್ಟೇಜ್ ಮೇಲಿನ ನಿಜವಾದ ಗಿಟಾರ್ ಕ್ಯಾಬ್‌ಗೆ ಲೈನ್ ಕೊಡುತ್ತಾರೆ, ಆದರೆ ಒಳಗಿನ ಕ್ಯಾಬ್ ಬ್ಲಾಕ್ ಆನ್ ಇರುತ್ತದೆ. ಕ್ಯಾಬ್ ಮೇಲೆ ಕ್ಯಾಬ್. ಕಂಬಳಿ ಹೊದಿಸಿದ ಹಾಗೆ ಕೇಳಿಸುತ್ತದೆ. ಪಿಎಗೆ ಹೋಗುವ ಔಟ್‌ನಲ್ಲಿ ಕ್ಯಾಬ್ ಆನ್ ಇರಲಿ, ನಿಜವಾದ ಕ್ಯಾಬ್‌ಗೆ ಹೋಗುವ ಔಟ್‌ನಲ್ಲಿ ಆಫ್ ಇರಲಿ. ಎರಡಕ್ಕೂ ಬೇರೆ ಬೇರೆ ಔಟ್ ಕೊಡುವ ಯಂತ್ರ ತಗೊಂಡರೆ ಈ ತಲೆನೋವೇ ಇಲ್ಲ.

ಲೇಟೆನ್ಸಿ (ತಂತಿ ಮೀಟಿದ ಮೇಲೆ ಸದ್ದು ಬರೋಕೆ ಆಗುವ ತಡ) ಬಗ್ಗೆ ಕೇಳುವವರಿಗೆ ಒಂದೇ ಮಾತು. ಸ್ಪೀಕರ್‌ನಿಂದ ಮೂರು ಮೀಟರ್ ದೂರ ನಿಂತರೆ ಸದ್ದು ನಿಮಗೆ ಮುಟ್ಟೋಕೆ ಸುಮಾರು 9 ಮಿಲಿಸೆಕೆಂಡ್ ಬೇಕು. ಒಳ್ಳೆಯ ಮಾಡೆಲರ್ ಅದಕ್ಕಿಂತ ಕಮ್ಮಿ ತಗೊಳ್ಳುತ್ತದೆ.

ಅಮೆರಿಕದಿಂದ ಬರುವ ಅಕ್ಕನೋ ಭಾವನೋ ತಂದುಕೊಡುತ್ತಾರೆ ಅಂತ ಆಸೆ ಇದ್ದರೆ ವೋಲ್ಟೇಜ್ ನೋಡಿ. ಅಲ್ಲಿ 120, ಇಲ್ಲಿ 230. ಸ್ಪೀಕರ್ ಇರುವ ಆಂಪ್‌ಗಳಲ್ಲಿ ಆಯಾ ದೇಶದ ವೋಲ್ಟೇಜ್‌ಗೆ ಮಾತ್ರ ಮಾಡಿದವು ಬಹಳ. ಹಿಂದೆ ಬರೆದಿರುವುದನ್ನು ಓದದೆ ಪ್ಲಗ್‌ಗೆ ಹಾಕಬೇಡಿ. ಬೇರೆ ಊರಿಗೆ ವಿಮಾನದಲ್ಲಿ ಹೋಗಿ ಬಾರಿಸುವ ಯೋಚನೆ ಇದ್ದರೆ ಇನ್ನೊಂದು ಲೆಕ್ಕ. ಹ್ಯಾಂಡ್ ಬ್ಯಾಗೇಜ್ ಸಾಮಾನ್ಯವಾಗಿ 7 ಕಿಲೋ. ಎಚ್‌ಎಕ್ಸ್ ಸ್ಟಾಂಪ್, ಕ್ವಾಡ್ ಕಾರ್ಟೆಕ್ಸ್ ಎರಡೂ ಲ್ಯಾಪ್‌ಟಾಪ್ ಬ್ಯಾಗ್‌ನಲ್ಲಿ ಹಿಡಿಯುತ್ತವೆ. 100 ವಾಟ್‌ನ ಟ್ಯೂಬ್ ಹೆಡ್ ಒಂದೇ 20 ಕಿಲೋ ಹತ್ತಿರ ತೂಗುತ್ತದೆ.

ಅಂಗಡಿಗೆ ಹೋಗುವಾಗ ನಿಮ್ಮದೇ ಗಿಟಾರ್, ನಿಮ್ಮದೇ ಟ್ಯೂನಿಂಗ್. ಹೆಡ್‌ಫೋನ್ ಕೊಟ್ಟರೆ ಬೇಡ ಅನ್ನಿ. ಅಲ್ಲಿರುವ ಯಾವುದಾದರೂ ಪಿಎ ಸ್ಪೀಕರ್‌ಗೆ ಹಾಕಿಸಿ, ಸದ್ದು ಜೋರಾಗಿ ಇಡೋಕೆ ಹೇಳಿ, ಫ್ಯಾಕ್ಟರಿ ಪ್ರೀಸೆಟ್‌ಗಳನ್ನು ಮುಟ್ಟದೆ ಖಾಲಿ ಪ್ಯಾಚ್‌ನಿಂದ ಶುರುಮಾಡಿ. ಒಂದು ಆಂಪ್, ಒಂದು ಕ್ಯಾಬ್, ಒಂದು ಗೇಟ್ (ಬಾರಿಸದಾಗ ಬರುವ ಗುಂಯ್ ಸದ್ದು ತಡೆಯುವುದು). ಫೋನಿನಲ್ಲಿ ನಿಮ್ಮ ಬ್ಯಾಂಡ್‌ನ ಡ್ರಮ್ಸ್ ಮತ್ತು ಬೇಸ್ ರೆಕಾರ್ಡಿಂಗ್ ಇದ್ದರೆ ಅದನ್ನೂ ಅದೇ ಸ್ಪೀಕರ್‌ನಲ್ಲಿ ಹಾಕಿ, ಅದರ ಜೊತೆ ಬಾರಿಸಿ. ಗಿಟಾರ್ ಎದ್ದು ಕೇಳಿಸಿದರೆ, ಮೆನು ಹುಡುಕಾಡದೆ ಮಿಡ್ ನಾಬ್ ಕೈಗೆ ಸಿಕ್ಕಿದರೆ, ಅದನ್ನೇ ತಗೊಳ್ಳಿ.